ಮೂರು ರೋಗ, ಏಳು ಚುಚ್ಚುಮದ್ದು

ಹುಟ್ಟಿದ 6ನೇ ವಾರದಲ್ಲಿ ಒಂದು, 10ನೇ ವಾರದಲ್ಲಿ ಇನ್ನೊಂದು, 14ನೇ ವಾರದಲ್ಲಿ ಮತ್ತೊಂದು. 16ರಿಂದ 24 ತಿಂಗಳೊಳಗೆ ನಾಲ್ಕನೆಯದು. ಒಂದನೇ ತರಗತಿಗೆ ಸೇರುವ 5-6ರ ವಯಸ್ಸಿನಲ್ಲಿ ಐದನೆಯದು. 10 ವರ್ಷಕ್ಕೆ ಆರನೆಯದು, 16ಕ್ಕೆ ಏಳನೆಯದು. ಗಂಟಲಮಾರಿ, ಧನುರ್ವಾಯು ಮತ್ತು ನಾಯಿಕೆಮ್ಮು ಎಂಬ ಮೂರು ರೋಗಗಳಿಂದ ಒಂದು ಮಗುವನ್ನು ಕಾಪಾಡಲು ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಹಾಕಿಕೊಟ್ಟಿರುವ ಲೆಕ್ಕ ಇದು.

ಮೊದಲ ಮೂರನ್ನು ತಾಯಂದಿರು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಎಳೆಯ ಮಗು ಮಡಿಲಲ್ಲಿರುತ್ತದೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ನೆನಪಿಸುತ್ತಾರೆ. ಮಗು ನಡೆಯಲು ಕಲಿತ ಮೇಲೆ ಲೆಕ್ಕ ತಪ್ಪತೊಡಗುತ್ತದೆ. ಶಾಲೆಗೆ ಸೇರಿದ ಮೇಲಂತೂ ಚುಚ್ಚುಮದ್ದಿನ ಕಾರ್ಡು ಕಪಾಟಿನ ತಳ ಸೇರಿರುತ್ತದೆ. 'ಚಿಕ್ಕಂದಿನಲ್ಲಿ ಎಲ್ಲಾ ಹಾಕಿಸಿದ್ದೇವಲ್ಲ, ಇನ್ನೇಕೆ?' ಎಂಬುದು ಅನೇಕ ಮನೆಗಳಲ್ಲಿ ಕೇಳಿಬರುವ ಮಾತು. ದಡಾರಕ್ಕೆ ಎರಡು ಸಲ ಸಾಕು, ಇದಕ್ಕೆ ಮಾತ್ರ ಏಳು ಏಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ತಿಳಿಯಬೇಕಾದರೆ ಈ ಮೂರು ರೋಗಗಳು ಹೇಗೆ ಕೊಲ್ಲುತ್ತವೆ, ಲಸಿಕೆ ಹೇಗೆ ಕಾಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಹೆಸರಿನಲ್ಲೇ ಇದೆ ಲಕ್ಷಣ

ಕನ್ನಡದ ಹೆಸರುಗಳೇ ಈ ರೋಗಗಳ ಸ್ವರೂಪವನ್ನು ಹೇಳಿಬಿಡುತ್ತವೆ. ಗಂಟಲಿನಲ್ಲಿ ಕುಳಿತು ಕೊಲ್ಲುವ ಮಾರಿ, ಗಂಟಲಮಾರಿ. ಇಂಗ್ಲಿಷಿನಲ್ಲಿ ಇದಕ್ಕೆ ಡಿಫ್ತೀರಿಯಾ ಎನ್ನುತ್ತಾರೆ. ಈ ಹೆಸರು ಬಂದದ್ದು ಗ್ರೀಕ್ ಭಾಷೆಯ 'ತೊಗಲು' ಎಂಬ ಅರ್ಥದ ಪದದಿಂದ. 1826ರಲ್ಲಿ ಈ ಹೆಸರಿಗೆ ಮೂಲವನ್ನು ಒದಗಿಸಿದವನು ಫ್ರಾನ್ಸಿನ ವೈದ್ಯ ಪಿಯರ್ ಬ್ರೆಟೊನೊ. ರೋಗಿಯ ಗಂಟಲಿನಲ್ಲಿ ಹದ ಮಾಡಿದ ತೊಗಲಿನಂಥ ಬೂದು ಬಣ್ಣದ ಪೊರೆ ಬೆಳೆಯುತ್ತದೆ. ಕೀಳಲು ಹೋದರೆ ರಕ್ತ ಬರುತ್ತದೆ. ಪೊರೆ ಕೆಳಗಿಳಿದು ಶ್ವಾಸನಾಳವನ್ನು ಮುಚ್ಚಿದರೆ ಮಗು ಉಸಿರುಕಟ್ಟಿ ಸಾಯುತ್ತದೆ. ಉಸಿರು ಉಳಿದರೂ ಅಪಾಯ ತಪ್ಪಿದಂತಲ್ಲ. ಗಂಟಲು ವಾಸಿಯಾಯಿತು ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ, ಎರಡು-ಮೂರು ವಾರಗಳ ನಂತರ, ಹೃದಯ ಸೋತು ಮಗು ತೀರಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ನಾಯಿಕೆಮ್ಮು ಬಂದ ಮಗು ಒಂದೇ ಉಸಿರಿಗೆ ಹತ್ತಾರು ಸಲ ಕೆಮ್ಮುತ್ತದೆ. ಮುಖ ಕೆಂಪೇರಿ, ಕೆಲವೊಮ್ಮೆ ನೀಲಿಯಾಗುತ್ತದೆ. ಕೊನೆಗೆ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಊಳಿಟ್ಟಂಥ ಸದ್ದು ಬರುತ್ತದೆ, ಹಿಂದೆಯೇ ವಾಂತಿ. ಇದು ವಾರಗಟ್ಟಲೆ ನಡೆಯುವುದರಿಂದ ಚೀನೀಯರು ಇದನ್ನು 'ನೂರು ದಿನಗಳ ಕೆಮ್ಮು' ಎಂದರು. ಆರು ತಿಂಗಳೊಳಗಿನ ಕೂಸುಗಳಲ್ಲಿ ಈ ಸದ್ದೂ ಕೇಳದಿರಬಹುದು. ಅವು ಕೆಮ್ಮುವ ಬದಲು ಉಸಿರಾಟವನ್ನೇ ನಿಲ್ಲಿಸಿಬಿಡುತ್ತವೆ. ಈ ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಇಂಥ ಕೂಸುಗಳೇ. ಲಸಿಕೆ ಇಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 17 ಮಂದಿಗೆ ಇದನ್ನು ದಾಟಿಸಬಲ್ಲ.

ಇನ್ನು ಧನುರ್ವಾಯು. ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಕತ್ತು, ಆಮೇಲೆ ಬೆನ್ನು. ಕೊನೆಗೆ ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಕುವಂತೆ ದೇಹ ಬಿಲ್ಲಿನ ಹಾಗೆ ಬಾಗುತ್ತದೆ. ಬೆಳಕು ಬಿದ್ದರೂ, ಬಾಗಿಲಿನ ಸದ್ದಾದರೂ ಸೆಳೆತ ಮರುಕಳಿಸುತ್ತದೆ. ರೋಗಿಗೆ ಪ್ರಜ್ಞೆ ಮಾತ್ರ ಸ್ಪಷ್ಟವಾಗಿರುತ್ತದೆ. ಆಯುರ್ವೇದದ ಪ್ರಾಚೀನ ಗ್ರಂಥಕಾರರಿಗೂ ಈ ಬಿಲ್ಲಿನ ಬಾಗು ಗೊತ್ತಿತ್ತು. ಅವರು ಇದನ್ನು ಧನುಸ್ತಂಭ ಎಂದು ಕರೆದಿದ್ದಾರೆ.

ಧನುರ್ವಾಯು ತುಕ್ಕು ಹಿಡಿದ ಮೊಳೆಯಿಂದ ಬರುತ್ತದೆ ಎಂಬ ನಂಬಿಕೆ ಇದೆ. ತುಕ್ಕಿನದೇನೂ ತಪ್ಪಿಲ್ಲ. ತಪ್ಪು ಮೊಳೆಗೆ ಮೆತ್ತಿದ ಮಣ್ಣಿನದು. ದನಕರು, ಕುದುರೆಗಳ ಸಗಣಿ-ಲದ್ದಿಯಲ್ಲಿ, ಹೊಲದ ಮಣ್ಣಿನಲ್ಲಿ, ಬೀದಿಯ ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವು ಡೋಲು ಬಾರಿಸುವ ಕೋಲಿನ ಹಾಗೆ ಕಾಣುತ್ತವೆ. ವರ್ಷಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ಸ್ವಲ್ಪ ಹೊತ್ತಿನ ಕುದಿತಕ್ಕೂ ಜಗ್ಗುವುದಿಲ್ಲ. ಗಾಳಿಯಾಡದ ಆಳವಾದ ಗಾಯ ಸಿಕ್ಕಿತೆಂದರೆ ಮೊಳೆತು ಬೆಳೆಯುತ್ತವೆ. ಚುಚ್ಚುವ ಮೊಳೆ, ಮುಳ್ಳುಗಳ ಗಾಯ ಅಪಾಯಕಾರಿಯಾಗುವುದು ಈ ಕಾರಣಕ್ಕೆ.

ಕೊಲ್ಲುವುದು ವಿಷ

ಈ ಮೂರೂ ಬ್ಯಾಕ್ಟೀರಿಯಾದಿಂದ ಬರುವ ರೋಗಗಳು. ಆದರೆ ಒಂದು ವಿಚಿತ್ರವನ್ನು 19ನೇ ಶತಮಾನದ ವಿಜ್ಞಾನಿಗಳು ಗಮನಿಸಿದರು. ಜರ್ಮನಿಯ ಫ್ರೀಡ್ರಿಕ್ ಲಫ್ಲರ್ 1884ರಲ್ಲಿ ಗಂಟಲಮಾರಿಯ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ. ಅದು ಸತ್ತವರ ಗಂಟಲಿನಲ್ಲಿ ಮಾತ್ರ ಸಿಗುತ್ತಿತ್ತು. ಕೆಟ್ಟುಹೋಗಿದ್ದ ಹೃದಯದಲ್ಲಾಗಲಿ, ನರಗಳಲ್ಲಾಗಲಿ ಸಿಗುತ್ತಿರಲಿಲ್ಲ. ಕಳ್ಳ ಗಂಟಲಲ್ಲಿ ಕುಳಿತಿದ್ದರೆ ಹೃದಯಕ್ಕೆ ಪೆಟ್ಟು ಕೊಟ್ಟವರಾರು?

ಉತ್ತರ ದೊರೆತದ್ದು 1888ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ಎಮಿಲ್ ರೂ ಮತ್ತು ಅಲೆಕ್ಸಾಂದ್ರ್ ಯೆರ್ಸಿನ್ ಆ ಬ್ಯಾಕ್ಟೀರಿಯಾ ಬೆಳೆದ ಸಾರನ್ನು ಪಿಂಗಾಣಿಯ ಶೋಧಕದಲ್ಲಿ ಸೋಸಿದರು. ಬ್ಯಾಕ್ಟೀರಿಯಾ ಮೇಲೆ ಉಳಿಯಿತು, ತಿಳಿಯಾದ ದ್ರವ ಕೆಳಗಿಳಿಯಿತು. ಒಂದೇ ಒಂದು ಜೀವಾಣುವೂ ಇಲ್ಲದ ಆ ದ್ರವವನ್ನು ಪ್ರಾಣಿಗಳಿಗೆ ಚುಚ್ಚಿದಾಗ ಅವು ರೋಗದ ಲಕ್ಷಣಗಳೊಂದಿಗೆ ಸತ್ತವು. ಎಂದರೆ ಬ್ಯಾಕ್ಟೀರಿಯಾ ಒಂದೆಡೆ ಕುಳಿತು ವಿಷವನ್ನು ರಕ್ತಕ್ಕೆ ಹರಿಯಬಿಡುತ್ತದೆ. ಕೊಲ್ಲುವುದು ಆ ವಿಷ. ಧನುರ್ವಾಯುವಿನದೂ ಇದೇ ಕತೆ. ನಮ್ಮ ಸ್ನಾಯುಗಳನ್ನು ಸಡಿಲಿಸುವ ಸೂಚನೆಗಳನ್ನು ಅದರ ವಿಷ ನರಗಳಲ್ಲಿ ತಡೆದುಬಿಡುತ್ತದೆ. ಬಿಗಿಯುವ ಸೂಚನೆಗಳು ಮಾತ್ರ ಉಳಿಯುವುದರಿಂದ ದೇಹ ಬಿಲ್ಲಾಗುತ್ತದೆ. ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಕೂಡ ವಿಷ ಸ್ರವಿಸುತ್ತದೆ. ಜೊತೆಗೆ ಶ್ವಾಸನಾಳದ ಒಳಗೋಡೆಗೆ ಅಂಟಿಕೊಂಡು ಕಫವನ್ನು ಹೊರದೂಡುವ ಸೂಕ್ಷ್ಮ ರೋಮಗಳನ್ನೂ ಹಾಳುಮಾಡುತ್ತದೆ.

ಕುದುರೆಯಿಂದ ಸಾಲ ತಂದ ರಕ್ಷಣೆ

ವಿಷವೇ ಶತ್ರುವಾದರೆ ಪ್ರತಿವಿಷ ಬೇಕು. 1890ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿತಾಸಾಟೊ ಶಿಬಾಸಬುರೊ ಅದನ್ನು ಕಂಡುಹಿಡಿದರು. ಅಲ್ಪ ಪ್ರಮಾಣದ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ್ರವವನ್ನು ಬೇರೆ ಪ್ರಾಣಿಗೆ ಕೊಟ್ಟರೆ ಅದೂ ವಿಷದಿಂದ ಪಾರಾಗುತ್ತಿತ್ತು. ಮುಂದೆ ಕುದುರೆಗಳಲ್ಲಿ ಪ್ರತಿವಿಷ ತಯಾರಿಸುವ ಪದ್ಧತಿ ಬಂತು, ಸಾವಿರಾರು ಮಕ್ಕಳು ಉಳಿದರು. 1901ರಲ್ಲಿ ವೈದ್ಯಕೀಯಕ್ಕೆ ಸಂದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬೇರಿಂಗ್‌ಗೆ ದೊರೆಯಿತು.

ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಂದು ದುರಂತವೂ ನಡೆಯಿತು. ಗಂಟಲಮಾರಿಯ ಪ್ರತಿವಿಷಕ್ಕಾಗಿ ಸಾಕಿದ್ದ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗುಲಿತ್ತು. ಆ ಕುದುರೆಯ ರಕ್ತದ್ರವ ಮಕ್ಕಳಿಗೆ ಹೋಗಿ 13 ಮಕ್ಕಳು ಧನುರ್ವಾಯುವಿನಿಂದ ಸತ್ತರು. ಇಂಥ ಔಷಧಗಳ ತಯಾರಿಕೆಯನ್ನು ಸರ್ಕಾರದ ನಿಯಂತ್ರಣಕ್ಕೆ ತರುವ ಕಾನೂನು ಅಮೆರಿಕದಲ್ಲಿ 1902ರಲ್ಲಿ ಬಂದದ್ದು ಈ ಸಾವುಗಳ ನಂತರ. ಇಂದು ಪ್ರತಿ ತಂಡದ ಲಸಿಕೆಯನ್ನೂ ಪರೀಕ್ಷಿಸಿಯೇ ಹೊರಬಿಡುವ ಕಟ್ಟುನಿಟ್ಟಿನ ಹಿಂದೆ ಇಂಥ ಕಹಿ ಪಾಠಗಳಿವೆ.

1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಎಂಬ ಹಿಮಾವೃತ ಊರಿನಲ್ಲಿ ಗಂಟಲಮಾರಿ ಕಾಣಿಸಿಕೊಂಡಿತು. ಬಂದರು ಹೆಪ್ಪುಗಟ್ಟಿತ್ತು, ರೈಲು ಇರಲಿಲ್ಲ. ಸುಮಾರು 1,085 ಕಿಲೋಮೀಟರ್ ದೂರವನ್ನು 20 ಚಾಲಕರು, 150ರಷ್ಟು ನಾಯಿಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹಿಮಗಾಡಿಗಳಲ್ಲಿ ಐದೂವರೆ ದಿನದಲ್ಲಿ ಕ್ರಮಿಸಿ ಪ್ರತಿವಿಷದ ಸೀಸೆಗಳನ್ನು ತಲುಪಿಸಿದರು. ಕೊನೆಯ ಹಂತದ ಮುಂದಾಳು ನಾಯಿ ಬಾಲ್ಟೊ ಲೋಕಪ್ರಸಿದ್ಧವಾಯಿತು.

ಆದರೆ ಇಷ್ಟೆಲ್ಲ ಸಾಹಸ ಮಾಡಿ ತಂದ ಪ್ರತಿವಿಷಕ್ಕೂ ಎರಡು ಮಿತಿಗಳಿದ್ದವು, ಈಗಲೂ ಇವೆ. ಒಂದು, ಅದು ಸಾಲದ ಹಣದ ಹಾಗೆ, ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಎರಡು, ಅದು ರಕ್ತದಲ್ಲಿ ತೇಲುತ್ತಿರುವ ವಿಷವನ್ನಷ್ಟೇ ಹಿಡಿಯಬಲ್ಲದು. ಜೀವಕೋಶದ ಒಳಹೊಕ್ಕ ವಿಷವನ್ನು ಹೊರಗೆಳೆಯುವ ಮದ್ದು ಇವತ್ತಿಗೂ ಇಲ್ಲ. ರೋಗ ಬಂದ ಮೇಲೆ ಪ್ರತಿಯೊಂದು ಗಂಟೆಯೂ ಅಮೂಲ್ಯ. ರೋಗ ಬರುವ ಮೊದಲೇ ದೇಹ ತನ್ನ ಸ್ವಂತ ಪ್ರತಿವಿಷವನ್ನು ಸಿದ್ಧವಾಗಿಟ್ಟುಕೊಳ್ಳುವಂತೆ ಮಾಡುವುದೊಂದೇ ದಾರಿ.

ವಿಷದ ಹಲ್ಲು ಕಿತ್ತ ಫಾರ್ಮಲಿನ್

ಶಾಲೆಯ ಪ್ರಯೋಗಾಲಯದಲ್ಲಿ ಹಾವು, ಕಪ್ಪೆಗಳನ್ನು ಕೆಡದಂತೆ ಇಟ್ಟಿರುವ ಗಾಜಿನ ಜಾಡಿಗಳನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಅದರಲ್ಲಿರುವ ಘಾಟು ವಾಸನೆಯ ದ್ರವ ಫಾರ್ಮಲಿನ್. ಫ್ರಾನ್ಸಿನ ಪಶುವೈದ್ಯ ಗಾಸ್ತೊಂ ರಾಮೊಂ 1923ರ ಸುಮಾರಿಗೆ ಗಂಟಲಮಾರಿಯ ವಿಷಕ್ಕೆ ಸ್ವಲ್ಪ ಫಾರ್ಮಲಿನ್ ಬೆರೆಸಿ ಕೆಲವು ವಾರ ಬೆಚ್ಚಗಿರಿಸಿದ. ವಿಷ ತನ್ನ ಕೊಲ್ಲುವ ಗುಣವನ್ನು ಕಳೆದುಕೊಂಡಿತು. ಆದರೆ ಅದರ ಆಕಾರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿ ಕೂಡ ಅದೇ ಕಾಲದಲ್ಲಿ ಇದೇ ಜಾಡಿನಲ್ಲಿದ್ದ. ಹೀಗೆ ಹಲ್ಲು ಕಿತ್ತ ಹಾವಿನಂತಾದ ವಿಷಕ್ಕೆ ಇಂದು ಟಾಕ್ಸಾಯ್ಡ್ ಎನ್ನುತ್ತಾರೆ.

ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಶತ್ರುವನ್ನು ಗುರುತಿಸುವುದು ಆಕಾರದಿಂದ. ಟಾಕ್ಸಾಯ್ಡನ್ನು ಅದು ನಿಜವಾದ ವಿಷವೆಂದೇ ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮುಂದೆ ನಿಜವಾದ ವಿಷ ಬಂದರೆ ಹಿಡಿಯಲು ಅವು ಸಿದ್ಧವಾಗಿರುತ್ತವೆ. ಕೆಲವೇ ವರ್ಷಗಳಲ್ಲಿ ಧನುರ್ವಾಯುವಿಗೂ ಇದೇ ವಿಧಾನದ ಲಸಿಕೆ ಬಂತು. 1926ರಲ್ಲಿ ಗ್ಲೆನಿ ಇನ್ನೊಂದು ಸಂಗತಿಯನ್ನು ತೋರಿಸಿದ. ಟಾಕ್ಸಾಯ್ಡಿಗೆ ಪಟಿಕ, ಅಂದರೆ ಕ್ಷೌರದ ನಂತರ ಕೆನ್ನೆಗೆ ಉಜ್ಜುವ ಆಲಂ, ಸೇರಿಸಿದರೆ ಲಸಿಕೆಯ ಪರಿಣಾಮ ಬಹಳ ಹೆಚ್ಚುತ್ತದೆ. ಇಂದಿನ ಲಸಿಕೆಗಳಲ್ಲೂ ಅಲ್ಯುಮಿನಿಯಂ ಲವಣಗಳಿವೆ. ಸೀಸೆಯನ್ನು ಅಲುಗಿಸಿದಾಗ ದ್ರವ ಬೆಳ್ಳಗೆ ಕಲಕಿದಂತೆ ಕಾಣುವುದು ಇದರಿಂದಾಗಿ. ಈ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಆದ್ದರಿಂದ ಆರೋಗ್ಯ ಕೇಂದ್ರಗಳಲ್ಲಿ ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡುತ್ತಾರೆ. ಹೆಚ್ಚು ಶಾಖವೂ ಕೂಡದು, ಹೆಚ್ಚು ಥಂಡಿಯೂ ಕೂಡದು.

ಇಬ್ಬರು ಶಿಕ್ಷಕಿಯರ ಸಂಜೆಯ ದುಡಿಮೆ

ನಾಯಿಕೆಮ್ಮು ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ಅದರ ಬ್ಯಾಕ್ಟೀರಿಯಾವನ್ನು ಬೆಲ್ಜಿಯಂನ ಜೂಲ್ ಬೋರ್ದೆ ಮತ್ತು ಒಕ್ತಾವ್ ಜಂಗೂ 1906ರಲ್ಲಿಯೇ ಬೇರ್ಪಡಿಸಿದ್ದರೂ ನಂಬಬಹುದಾದ ಲಸಿಕೆಗೆ ಜನ ಕಾಲು ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು. ಆ ಕೆಲಸವನ್ನು ಮಾಡಿದವರು ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಿನ ಆರೋಗ್ಯ ಪ್ರಯೋಗಾಲಯದಲ್ಲಿದ್ದ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಇಬ್ಬರೂ ಮೊದಲು ಶಾಲಾ ಶಿಕ್ಷಕಿಯರಾಗಿದ್ದವರು. ಇಬ್ಬರೂ ಬಾಲ್ಯದಲ್ಲಿ ನಾಯಿಕೆಮ್ಮನ್ನು ಅನುಭವಿಸಿದ್ದವರು.

ಅದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ಹಗಲಿಡೀ ಪ್ರಯೋಗಾಲಯದ ದೈನಂದಿನ ಕೆಲಸ ಮುಗಿಸಿ, ಸಂಜೆ ಅವರು ರೋಗಿಗಳ ಮನೆಗಳಿಗೆ ಹೋಗುತ್ತಿದ್ದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಕ್ಕಳ ಬಾಯಿಯ ಮುಂದೆ ತಟ್ಟೆ ಹಿಡಿದು ಕೆಮ್ಮಿಸಿ ಬ್ಯಾಕ್ಟೀರಿಯಾವನ್ನು ಸಂಗ್ರಹಿಸುತ್ತಿದ್ದರು. ರೋಗಿ ಎಷ್ಟು ದಿನ ಸೋಂಕನ್ನು ಹರಡಬಲ್ಲ ಎಂಬುದನ್ನೂ ಇದರಿಂದಲೇ ಲೆಕ್ಕಹಾಕಿದರು. ಕೊಂದ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸಿ ಲಸಿಕೆ ಸಿದ್ಧಪಡಿಸಿ 1934ರಲ್ಲಿ ಊರಿನ ಮಕ್ಕಳಲ್ಲಿ ಪರೀಕ್ಷೆ ಆರಂಭಿಸಿದರು. ಲಸಿಕೆ ಪಡೆದವರನ್ನು, ಪಡೆಯದವರನ್ನು ಪಕ್ಕಪಕ್ಕದಲ್ಲಿಟ್ಟು ಎಚ್ಚರಿಕೆಯಿಂದ ಹೋಲಿಸಿದರು. ಫಲಿತಾಂಶ ಸ್ಪಷ್ಟವಾಗಿತ್ತು, ಲಸಿಕೆ ಕೆಲಸ ಮಾಡುತ್ತಿತ್ತು. 1936ರಲ್ಲಿ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಈ ಪ್ರಯೋಗಾಲಯಕ್ಕೆ ಭೇಟಿಯಿತ್ತು ಹಣದ ನೆರವು ದೊರೆಯಲು ಕಾರಣರಾದರು. ಮುಂದೆ ಲೋನಿ ಗಾರ್ಡನ್ ಎಂಬ ಕಪ್ಪು ವರ್ಣೀಯ ಯುವ ಸಂಶೋಧಕಿ ಲಸಿಕೆಗೆ ತಕ್ಕ ಪ್ರಬಲ ತಳಿಗಳನ್ನು ಹುಡುಕಿ ಅದನ್ನು ಇನ್ನಷ್ಟು ಉತ್ತಮಗೊಳಿಸಿದಳು.

ಕೆಂಡ್ರಿಕ್ ಅಲ್ಲಿಗೇ ನಿಲ್ಲಲಿಲ್ಲ. ಮೂರು ರೋಗಕ್ಕೆ ಮೂರು ಸಲ ಚುಚ್ಚಿಸಿಕೊಳ್ಳುವ ಬದಲು ಒಂದೇ ಸಲ ಏಕಾಗಬಾರದು? 1940ರ ದಶಕದಲ್ಲಿ ಮೂರನ್ನೂ ಬೆರೆಸಿದ ಲಸಿಕೆ ರೂಪುಗೊಂಡಿತು. ಅದೇ ಡಿ.ಪಿ.ಟಿ. ಬೆರೆಸಿದ್ದರಿಂದ ಇನ್ನೊಂದು ಲಾಭವೂ ಕಂಡಿತು. ನಾಯಿಕೆಮ್ಮಿನ ಭಾಗ ಉಳಿದೆರಡು ಟಾಕ್ಸಾಯ್ಡ್‌ಗಳ ಪರಿಣಾಮವನ್ನು ಹೆಚ್ಚಿಸುತ್ತಿತ್ತು. ಭಾರತದಲ್ಲಿ 1978ರಲ್ಲಿ ಆರಂಭವಾದ ಲಸಿಕಾ ಕಾರ್ಯಕ್ರಮದಲ್ಲಿ, 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಮಕ್ಕಳಿಗೆ ಉಚಿತವಾಗಿ ಸಿಗುತ್ತಿದೆ. ಮೊದಲ ಮೂರು ಸರದಿಯಲ್ಲಿ ಈಗ ಇದಕ್ಕೆ ಹೆಪಟೈಟಿಸ್-ಬಿ ಮತ್ತು ಹಿಬ್ ಲಸಿಕೆಗಳನ್ನೂ ಸೇರಿಸಿ 'ಪೆಂಟಾವ್ಯಾಲೆಂಟ್' ಎಂಬ ಐದರ ಕೂಟವಾಗಿ ಕೊಡುತ್ತಾರೆ. ಕೇರಳ, ತಮಿಳುನಾಡುಗಳಲ್ಲಿ 2011ರ ಕೊನೆಯಲ್ಲಿ ಆರಂಭವಾದ ಈ ಪದ್ಧತಿ ಅನಂತರ ಕರ್ನಾಟಕವೂ ಸೇರಿ ಇಡೀ ದೇಶಕ್ಕೆ ಹರಡಿತು.

ಏಳು ಏಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಮಗು ಮೊದಲ ಸಲ ಮಗ್ಗಿ ಕೇಳಿದ ಕೂಡಲೇ ಕಲಿತುಬಿಡುವುದಿಲ್ಲ. ಎರಡು-ಮೂರು ಸಲ ಹೇಳಿಸಬೇಕು. ಕಲಿತದ್ದನ್ನೂ ವರ್ಷಕ್ಕೊಮ್ಮೆಯಾದರೂ ಒಪ್ಪಿಸದಿದ್ದರೆ ಮರೆತುಹೋಗುತ್ತದೆ. ರಕ್ಷಣಾ ವ್ಯವಸ್ಥೆಯ ಸ್ವಭಾವವೂ ಇಂಥದೇ. ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ದಡಾರದ ಲಸಿಕೆ ದೇಹದಲ್ಲಿ ಸ್ವಲ್ಪ ಕಾಲ ಬೆಳೆದು ಆಳವಾದ ಪಾಠ ಕಲಿಸುತ್ತದೆ. ಟಾಕ್ಸಾಯ್ಡ್ ನಿರ್ಜೀವ, ಬೆಳೆಯಲಾರದು. ಅದು ಕಲಿಸುವ ಪಾಠ ಚಿಕ್ಕದು. ಹಾಗಾಗಿ ಮತ್ತೆ ಮತ್ತೆ ಹೇಳಿಸಬೇಕು.

ಮೊದಲ ಚುಚ್ಚುಮದ್ದಿಗೆ ತಯಾರಾಗುವ ಪ್ರತಿಕಾಯಗಳು ಅಲ್ಪ. ನಾಲ್ಕು ವಾರದ ಅಂತರದಲ್ಲಿ ಎರಡನೆಯದು, ಮೂರನೆಯದು ಬಿದ್ದಾಗ ಅವು ರಕ್ಷಣೆ ಕೊಡುವ ಮಟ್ಟಕ್ಕೇರುತ್ತವೆ. ಜೊತೆಗೆ ನೆನಪಿಟ್ಟುಕೊಳ್ಳುವ ಜೀವಕೋಶಗಳೂ ಹುಟ್ಟುತ್ತವೆ. ಒಂದೆರಡು ವರ್ಷಗಳಲ್ಲಿ ಪ್ರತಿಕಾಯಗಳ ಮಟ್ಟ ಇಳಿಯತೊಡಗುತ್ತದೆ. ಆಗ ಒಂದೂವರೆ ವರ್ಷದ ಸುಮಾರಿಗೆ ಕೊಡುವ ನಾಲ್ಕನೆಯದು ಅದನ್ನು ಮೊದಲಿಗಿಂತಲೂ ಎತ್ತರಕ್ಕೆ ಏರಿಸುತ್ತದೆ. ಮಗು ಹತ್ತಾರು ಮಕ್ಕಳೊಡನೆ ಬೆಂಚಿನಲ್ಲಿ ಕೂರುವ ವಯಸ್ಸಿಗೆ ಐದನೆಯದು. 7 ವರ್ಷ ದಾಟಿದ ಮೇಲೆ ಡಿ.ಪಿ.ಟಿ. ಕೊಡುವುದಿಲ್ಲ. 10 ಮತ್ತು 16ರಲ್ಲಿ ಕೊಡುವುದು ಟಿ.ಡಿ. ಇದರಲ್ಲಿ ಧನುರ್ವಾಯುವಿನ ಜೊತೆ ಗಂಟಲಮಾರಿಯ ಭಾಗ ಕಡಿಮೆ ಪ್ರಮಾಣದಲ್ಲಿದೆ. ಆ ಕಾರಣಕ್ಕೇ ಇಂಗ್ಲಿಷಿನಲ್ಲಿ ಇದರ 'ಡಿ' ಯನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಹಿಂದೆ ಈ ವಯಸ್ಸಿನವರಿಗೆ ಧನುರ್ವಾಯುವಿನ ಟಿ.ಟಿ. ಮಾತ್ರ ಸಿಗುತ್ತಿತ್ತು. ಬೆಳೆದ ಮಕ್ಕಳಲ್ಲೂ ಗಂಟಲಮಾರಿ ಕಾಣಿಸಿಕೊಂಡದ್ದರಿಂದ ಅದರ ಬದಲು ಟಿ.ಡಿ. ಬಂತು.

'ನಮ್ಮ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ' ಎನ್ನುವ ಅಜ್ಜ-ಅಜ್ಜಿಯರ ಮಾತಿನಲ್ಲೂ ಒಂದು ಸತ್ಯವಿದೆ. ಆಗ ಊರಿನಲ್ಲಿ ರೋಗಾಣುಗಳು ಸುತ್ತಾಡುತ್ತಲೇ ಇದ್ದವು. ಬದುಕಿ ಉಳಿದವರಿಗೆ ಅವುಗಳ ಸಂಪರ್ಕವೇ ಆಗಾಗ ನೆನಪು ಹುಟ್ಟಿಸುತ್ತಿತ್ತು. ಲಸಿಕೆ ರೋಗಾಣುವನ್ನು ಅಪರೂಪವಾಗಿಸಿದ ಮೇಲೆ ಹಾಗೆ ನೆನಪಿಸುವವರು ಇಲ್ಲ. ಆ ಕೆಲಸವನ್ನೂ ಈಗ ಚುಚ್ಚುಮದ್ದೇ ಮಾಡಬೇಕು.

ಧನುರ್ವಾಯುವಿನ ವಿಷಯದಲ್ಲಿ ಇನ್ನೂ ಎರಡು ವಿಶೇಷಗಳಿವೆ. ಅದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ, ಬರುವುದು ಮಣ್ಣಿನಿಂದ. ಆದ್ದರಿಂದ ಊರಿನ ಉಳಿದ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡಿದ್ದಾರೆ ಎಂಬುದರಿಂದ ಹಾಕಿಸಿಕೊಳ್ಳದ ಒಬ್ಬನಿಗೆ ಯಾವ ರಕ್ಷಣೆಯೂ ಸಿಗದು. ಎರಡನೆಯದಾಗಿ, ಒಮ್ಮೆ ಧನುರ್ವಾಯು ಬಂದು ಗುಣವಾದವರಿಗೂ ಅದು ಮತ್ತೆ ಬರಬಹುದು. ಕೊಲ್ಲಲು ಬೇಕಾದ ವಿಷದ ಪ್ರಮಾಣ ಎಷ್ಟು ಸೂಕ್ಷ್ಮವೆಂದರೆ ದೇಹಕ್ಕೆ ಪಾಠ ಕಲಿಯಲು ಅದು ಸಾಲುವುದೇ ಇಲ್ಲ. ಗುಣವಾದವರಿಗೂ ವೈದ್ಯರು ಲಸಿಕೆ ಹಾಕುವುದು ಈ ಕಾರಣಕ್ಕೆ.

ಮರೆತಾಗ ಏನಾಯಿತು?

ಸೋವಿಯತ್ ಒಕ್ಕೂಟದಲ್ಲಿ ಗಂಟಲಮಾರಿ ಬಹುಮಟ್ಟಿಗೆ ಮಾಯವಾಗಿತ್ತು. 1991ರಲ್ಲಿ ಒಕ್ಕೂಟ ಒಡೆಯಿತು. ಆ ಗೊಂದಲದಲ್ಲಿ ಮಕ್ಕಳ ಲಸಿಕೆ ಸಡಿಲವಾಗಿತ್ತು, ದೊಡ್ಡವರಲ್ಲಿ ಬಾಲ್ಯದ ಲಸಿಕೆಯ ಬಲ ಕುಂದಿತ್ತು. 1990ರಿಂದ 1998ರವರೆಗೆ ಆ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ ಸುಮಾರು 5,000 ಜನ ಸತ್ತರು. ರೋಗಿಗಳಲ್ಲಿ ವಯಸ್ಕರೇ ಬಹಳ ಮಂದಿ ಇದ್ದರು.

ಜಪಾನಿನ ಅನುಭವ ಬೇರೆ ಬಗೆಯದು. ಅಲ್ಲಿ 1974ರಲ್ಲಿ ನಾಯಿಕೆಮ್ಮಿನ 393 ಪ್ರಕರಣಗಳಷ್ಟೇ ಇದ್ದವು, ಸಾವು ಇರಲಿಲ್ಲ. ಲಸಿಕೆಯ ನಂತರ ಇಬ್ಬರು ಶಿಶುಗಳು ತೀರಿಕೊಂಡ ಸುದ್ದಿ ಹಬ್ಬಿ 1975ರಲ್ಲಿ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಮತ್ತೆ ಆರಂಭಿಸಿದಾಗ ಹೆದರಿದ ತಂದೆತಾಯಿಗಳು ಬರಲಿಲ್ಲ. 1979ರಲ್ಲಿ 13,000ಕ್ಕೂ ಹೆಚ್ಚು ಮಕ್ಕಳಿಗೆ ರೋಗ ಬಂದು 41 ಮಂದಿ ಸತ್ತರು.

ನಮ್ಮ ದೇಶವೂ ಹೊರತಲ್ಲ. 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮರಳಿತು. 2018ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಆಸ್ಪತ್ರೆಗೆ ಸುತ್ತಲಿನ ರಾಜ್ಯಗಳಿಂದ ಬಂದ 20ಕ್ಕೂ ಹೆಚ್ಚು ಮಕ್ಕಳು ಇದೇ ರೋಗದಿಂದ ತೀರಿಕೊಂಡರು. ಕುದುರೆಯ ಪ್ರತಿವಿಷದ ಕೊರತೆಯೂ ಆಗ ಸುದ್ದಿಯಾಯಿತು. ಆ ವರ್ಷ ಜಗತ್ತಿನಾದ್ಯಂತ ವರದಿಯಾದ ಗಂಟಲಮಾರಿ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವು. ಗಮನಿಸಬೇಕಾದ ಅಂಶವೆಂದರೆ, ನಮ್ಮಲ್ಲಿ ಈ ರೋಗ ಈಗ ಕೂಸುಗಳಿಗಿಂತ 5 ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚು. ಕಡೆಯ ಚುಚ್ಚುಮದ್ದುಗಳು ತಪ್ಪಿಹೋದ ವಯಸ್ಸು ಅದೇ.

ಕೋವಿಡ್ ಕಾಲದ ಪೆಟ್ಟೂ ಇದಕ್ಕೆ ಸೇರಿತು. 2021ರಲ್ಲಿ ಜಗತ್ತಿನ ಎರಡೂವರೆ ಕೋಟಿ ಮಕ್ಕಳಿಗೆ ಡಿ.ಪಿ.ಟಿ.ಯ ಒಂದಾದರೂ ಸರದಿ ತಪ್ಪಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಹಾಕಿವೆ.

ಸರಿಯಾಗಿ ನೆನಪಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶವೇ ಸಾಕ್ಷಿ. ಹಿಂದೆ ಹೊಕ್ಕಳಬಳ್ಳಿಯನ್ನು ಕುಡುಗೋಲಿನಿಂದ ಕತ್ತರಿಸಿ ಸಗಣಿ, ಬೂದಿ ಮೆತ್ತುವ ರೂಢಿ ಹಲವೆಡೆ ಇತ್ತು. ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ವಾರದೊಳಗೆ ಬಾಯಿ ಬಿಗಿದು, ಸೆಟೆದು ಸಾಯುತ್ತಿತ್ತು. ಒಂದು ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ನವಜಾತ ಶಿಶುಗಳಿಗೆ ಧನುರ್ವಾಯು ಬರುತ್ತಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಬಳ್ಳಿ ಕತ್ತರಿಸಲು ಶುದ್ಧವಾದ ಬ್ಲೇಡು ಇಷ್ಟರಿಂದಲೇ 2015ರ ಹೊತ್ತಿಗೆ ದೇಶದ ಪ್ರತಿ ಜಿಲ್ಲೆಯಲ್ಲೂ ಅದು ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಗರ್ಭಿಣಿಗೆ ಹಾಕುವ ಚುಚ್ಚುಮದ್ದಿನ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಹೋಗುತ್ತವೆ.

ಜ್ವರಕ್ಕೆ ಹೆದರಬೇಕೆ?

ಡಿ.ಪಿ.ಟಿ. ಹಾಕಿಸಿದ ದಿನ ಮಗುವಿಗೆ ಜ್ವರ ಬರುವುದು, ತೊಡೆ ಊದುವುದು, ಮಗು ರಚ್ಚೆ ಹಿಡಿಯುವುದು ಸಾಮಾನ್ಯ. ಇದಕ್ಕೆ ಮುಖ್ಯ ಕಾರಣ ಇಡಿಯಾಗಿ ಕೊಂದು ಬಳಸುವ ನಾಯಿಕೆಮ್ಮಿನ ಬ್ಯಾಕ್ಟೀರಿಯಾ. ಒಂದೆರಡು ದಿನದಲ್ಲಿ ಇದು ತಾನಾಗಿ ಇಳಿಯುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಚುಚ್ಚಿದ ಜಾಗದಲ್ಲಿ ಕೆಲವು ವಾರ ಸಣ್ಣ ಗಂಟು ಉಳಿದರೂ ಗಾಬರಿ ಬೇಡ. ಆ ಜಾಗವನ್ನು ತಿಕ್ಕಬಾರದು. ಮೂರು ಗಂಟೆಗೂ ಮೀರಿ ಎಡೆಬಿಡದ ಅಳು, ಫಿಟ್ಸ್, ತೀವ್ರ ಅಲರ್ಜಿ ಮುಂತಾದವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮುಂದಿನ ಸರದಿಗೆ ಮೊದಲು ಅದನ್ನು ವೈದ್ಯರಿಗೆ ತಿಳಿಸಬೇಕು.

ಈ ಲಸಿಕೆ ಮೆದುಳಿಗೆ ಹಾನಿ ಮಾಡುತ್ತದೆ ಎಂಬ ಆರೋಪ 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಎದ್ದಿತ್ತು. ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ನೂರಕ್ಕೆ 80ರಷ್ಟಿದ್ದದ್ದು 30ರ ಸುಮಾರಿಗೆ ಕುಸಿದು ನಾಯಿಕೆಮ್ಮು ದೊಡ್ಡದಾಗಿ ಹರಡಿತು. 1988ರಲ್ಲಿ ಅಲ್ಲಿನ ನ್ಯಾಯಾಲಯ ದೀರ್ಘ ವಿಚಾರಣೆಯ ನಂತರ ಆರೋಪ ಸಾಬೀತಾಗಿಲ್ಲ ಎಂದಿತು. 2006ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಲಸಿಕೆಯಿಂದ ಹಾನಿಯಾಯಿತೆಂದು ನಂಬಲಾಗಿದ್ದ 14 ಮಂದಿಯನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಅಪಸ್ಮಾರಕ್ಕೆ ಕಾರಣವಾಗುವ ಜೀನಿನ ದೋಷ ಸಿಕ್ಕಿತು.

ಖಾಸಗಿ ಕ್ಲಿನಿಕ್ಕುಗಳಲ್ಲಿ 'ನೋವಿಲ್ಲದ ಚುಚ್ಚುಮದ್ದು' ಎಂದು ಹೇಳುವ ಲಸಿಕೆಯಲ್ಲಿ ಇಡೀ ಬ್ಯಾಕ್ಟೀರಿಯಾದ ಬದಲು ಅದರ ಕೆಲವು ಭಾಗಗಳಷ್ಟೇ ಇರುತ್ತವೆ. 1981ರಲ್ಲಿ ಜಪಾನ್ ಇದನ್ನು ಮೊದಲು ಬಳಕೆಗೆ ತಂದಿತು. ಇದರಿಂದ ಜ್ವರ ಕಡಿಮೆ ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಇದರ ರಕ್ಷಣೆ ಹೆಚ್ಚು ಬೇಗ ಕುಂದುತ್ತದೆ ಎಂಬುದೂ ಅಷ್ಟೇ ನಿಜ. ಸರ್ಕಾರಿ ಆಸ್ಪತ್ರೆಯ ಉಚಿತ ಚುಚ್ಚುಮದ್ದು ಎರಡನೇ ದರ್ಜೆಯದು ಎಂಬ ಭಾವನೆಗೆ ಆಧಾರವಿಲ್ಲ.

ಮನೆಯವರಿಗೆ ತಿಳಿದಿರಲಿ

ಒಂದು ಸರದಿ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. 7 ವರ್ಷ ದಾಟಿದ ಮಗುವಿಗೆ ಹಿಂದಿನವು ತಪ್ಪಿದ್ದರೆ ಟಿ.ಡಿ.ಯನ್ನು ಹೇಗೆ ಕೊಡಬೇಕೆಂದು ವೈದ್ಯರು ತಿಳಿಸುತ್ತಾರೆ. ಸಣ್ಣ ನೆಗಡಿ, ಕೆಮ್ಮು, ಅಲ್ಪಸ್ವಲ್ಪ ಭೇದಿ ಇದ್ದರೆ ಚುಚ್ಚುಮದ್ದನ್ನು ಮುಂದೂಡುವ ಅಗತ್ಯವಿಲ್ಲ. ಗಾಯವಾದಾಗ ಮೊದಲು ಮಾಡಬೇಕಾದದ್ದು ಧಾರಾಳ ನೀರು, ಸಾಬೂನಿನಿಂದ ತೊಳೆಯುವುದು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುವುದು ಗಾಯದ ಸ್ವರೂಪ ಮತ್ತು ಕಡೆಯ ಚುಚ್ಚುಮದ್ದು ಹಾಕಿಸಿದ ವರ್ಷವನ್ನು ನೋಡಿ. ಆ ವರ್ಷ ನೆನಪಿರಬೇಕಾದರೆ ಕಾರ್ಡು ಜೋಪಾನವಾಗಿರಬೇಕು.

ಐದನೇ ತರಗತಿಯ ಹುಡುಗನಿಗೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ತಂತಮ್ಮ ಕಾರ್ಡನ್ನು ತಾವೇ ಓದಿಕೊಳ್ಳುವಷ್ಟು ತಿಳಿವಳಿಕೆ ಇರುತ್ತದೆ. ತಾಯಿ ಕಾರ್ಡನ್ನು ಕಪಾಟಿನಿಂದ ತೆಗೆದು ಒಂದು ಕಾಗದದ ಮೇಲೆ ಏಳು ಗೆರೆ ಎಳೆಯಲಿ. ಹಾಕಿಸಿರುವುದರ ಮುಂದೆ ತಾರೀಖು ಬರೆಯಲಿ. ಯಾವ ಗೆರೆ ಖಾಲಿ ಉಳಿಯುತ್ತದೋ ಅದನ್ನು ತಂದೆತಾಯಿಗೆ ತೋರಿಸಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತುಂಬಿಸಿಕೊಳ್ಳಲು ಒಂದು ಪೈಸೆಯೂ ಖರ್ಚಿಲ್ಲ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ಕಾರ್ಡಿಗೂ ಇದೇ ಲೆಕ್ಕ ಮಾಡಿ ನೋಡಲಿ.